ಬರೆದ ಕೈ

ಎದುರಾಳಿಯ ಅಪರಾಧವನ್ನು ಹೇಳುವುದಕ್ಕೆ ಹೆಚ್ಚಿನ ಧೈರ್ಯ ಬೇಕಾಗುವುದಿಲ್ಲ. ಹೇಳಿದವನ ಸುತ್ತ ಕುಳಿತವರೆಲ್ಲ ತಲೆದೂಗುತ್ತಾರೆ. ಮಾತು ಮುಗಿಯುವ ಮುನ್ನವೇ ಅದನ್ನು ನಂಬಿರುತ್ತಾರೆ. ತನ್ನ ಮತದವರು, ತನ್ನ ಭಾಷೆಯನ್ನಾಡುವವರು, ತನ್ನ ಬೀದಿಯಲ್ಲಿಯೇ ಬಾಳುವವರು ಮಾಡಿದ ಅನ್ಯಾಯವನ್ನು ಅವರ ಎದುರಿನಲ್ಲೇ ನಿಂತು ಹೇಳುವವನ ಪಾಡು ಬೇರೆ. ಅವನ ಮಾತಿಗೆ ತಲೆದೂಗುವವರು ವಿರಳ. ಅವನನ್ನು ದ್ರೋಹಿಯೆಂದು ಕರೆಯುವವರು ಹಲವರು. ಆಯುಧಗಳು ಹೊರಬಿದ್ದ ಕಾಲದಲ್ಲಂತೂ ಆ ಒಂದು ಹೆಸರು ಪ್ರಾಣಕ್ಕೇ ಎರವಾಗುತ್ತದೆ. ಹೈದರಾಬಾದು ಸಂಸ್ಥಾನದ ಕಟ್ಟಕಡೆಯ ತಿಂಗಳುಗಳಲ್ಲಿ ಹೀಗೆ ಪ್ರಾಣವನ್ನೇ ತೆತ್ತ ಪತ್ರಕರ್ತರು ಶೋಯೆಬುಲ್ಲಾ ಖಾನರು. ನಮ್ಮ ರಾಯಚೂರು ಸೀಮೆಯ ವಿದ್ಯಾರ್ಥಿಗಳಿಗೆ ಅವರ ಹೆಸರನ್ನು, ಅದರ ಜೊತೆಯಲ್ಲಿ ಇನ್ನೂ ಕೆಲವು ಹೆಸರುಗಳನ್ನು ಪರಿಚಯ ಮಾಡಿಕೊಡುವುದು ಈ ಬರಹದ ಉದ್ದೇಶ.

ನಾನಿರುವ ಮಸರಕಲ್ ದೇವದುರ್ಗ ತಾಲ್ಲೂಕಿನ ಒಂದು ಊರು. ಉತ್ತರಕ್ಕೆ ಹೋದರೆ ಕೃಷ್ಣೆ. ದಕ್ಷಿಣಕ್ಕೆ ಹೋಗಿ ಮಾನ್ವಿಯನ್ನು ಹಿಂದೆ ಹಾಕಿದರೆ ತುಂಗಭದ್ರೆ. ಈ ಎರಡು ನದಿಗಳ ನಡುವಣ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆತಲಾಂತರ ಹೋರಾಡಿದ್ದನ್ನು ಶಾಲೆಯ ಪುಸ್ತಕಗಳಲ್ಲಿ ಎಲ್ಲರೂ ಓದಿದ್ದೇವೆ. 1948ರಲ್ಲಿ ತುಂಗಭದ್ರೆ ಮತ್ತೊಮ್ಮೆ ಗಡಿಯಾಗಿತ್ತು. ಈಚೆಯ ದಡ ನಿಜಾಮನ ರಾಜ್ಯ, ಆಚೆಯ ದಡ ಸ್ವತಂತ್ರ ಭಾರತದ ಮದರಾಸು ಪ್ರಾಂತ. ಆ ವರ್ಷದ ಸಂಗತಿಗಳನ್ನು ನಮ್ಮ ಕಡೆಯ ಹಿರಿಯರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: "ರಜಾಕಾರರ ಗದ್ದಲ." "ಗದ್ದಲದಾಗ ನಾ ಇಷ್ಟುದ್ದ ಇದ್ದೆ" ಎಂದು ನೆಲದಿಂದ ಕೈಯಳತೆ ತೋರಿಸಿ ತಮ್ಮ ವಯಸ್ಸನ್ನು ಹೇಳುತ್ತಿದ್ದವರನ್ನು ನಾನು ಕಂಡಿದ್ದೇನೆ. ಹುಟ್ಟಿದ ತಾರೀಖು ಬರೆದಿಡದ ಊರುಗಳಲ್ಲಿ ಆ ಗದ್ದಲವೇ ಪಂಚಾಂಗವಾಗಿತ್ತು. ಆದರೆ ಗದ್ದಲವೆಂಬ ಮಾತಿನೊಳಗೆ ಯಾರು ಯಾರಿಗೆ ಏನು ಮಾಡಿದರೆಂಬುದು ಕಾಣುವುದಿಲ್ಲ. ಬಿರುಗಾಳಿಯಂತೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋದ ವಸ್ತುವಿನಂತೆ ಅದು ಕೇಳಿಸುತ್ತದೆ. ಆ ಗದ್ದಲವನ್ನು ಎಳೆ ಎಳೆಯಾಗಿ ಬಿಡಿಸಿ, ಊರು, ದಿನ, ಕೃತ್ಯಗಳ ಸಹಿತ ಕಾಗದದ ಮೇಲೆ ಇಳಿಸುವುದು ಪತ್ರಕರ್ತನ ಕೆಲಸ. ಅದನ್ನು ಮಾಡಿದವರು ಅಂದು ಕೆಲವರೇ.

ಅಂದಿನ ಪರಿಸ್ಥಿತಿಯನ್ನು ಸಂಕ್ಷೇಪವಾಗಿ ಹೇಳದೆ ಮುಂದಿನ ಕಥೆ ತಿಳಿಯಲಾರದು. ಹೈದರಾಬಾದು ಸುಮಾರು 82,000 ಚದರ ಮೈಲಿಯ ವಿಸ್ತಾರದ, 1941ರ ಗಣತಿಯಂತೆ 1 ಕೋಟಿ 60 ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಸಂಸ್ಥಾನ. ಅದರ 16 ಜಿಲ್ಲೆಗಳಲ್ಲಿ ಬೀದರ, ಗುಲ್ಬರ್ಗಾ, ರಾಯಚೂರು ಕನ್ನಡದವು. ಉಳಿದವು ತೆಲುಗು ಮತ್ತು ಮರಾಠಿಯವು. ಪ್ರಜೆಗಳಲ್ಲಿ ಬಹುಸಂಖ್ಯಾತರು ಹಿಂದೂಗಳು, ದೊರೆ ಮುಸಲ್ಮಾನ, ಆಡಳಿತದ ಭಾಷೆ ಉರ್ದು. ಬ್ರಿಟಿಷರು ಹೊರಟುನಿಂತಾಗ, 1947ರ ಜೂನ್ ತಿಂಗಳಲ್ಲಿ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ತಾವು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲವೆಂದು ಸಾರಿದರು. ಅದೇ ವರ್ಷದ ನವೆಂಬರ್ 29ರಂದು ಭಾರತ ಸರ್ಕಾರದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಈ ನಡುವೆ ಇತ್ತೆಹಾದ್-ಉಲ್-ಮುಸಲ್ಮೀನ್ ಸಂಘದ ನಾಯಕತ್ವ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಬಂದಿತ್ತು. ಆ ಸಂಘದ ಸ್ವಯಂಸೇವಕ ದಳದವರೇ ರಜಾಕಾರರು. ಕತ್ತಿ, ಈಟಿ, ಬಂದೂಕು ಹಿಡಿದ ಈ ದಳಗಳು ಹಳ್ಳಿಹಳ್ಳಿಗೆ ನುಗ್ಗಿ ಹಣ ಎತ್ತಿದವು. ಕೊಡದಿದ್ದಲ್ಲಿ ಸುಲಿಗೆ, ಬೆಂಕಿ, ಮಾನಭಂಗ, ಕೊಲೆ ನಡೆಯಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಸಾಮೂಹಿಕ ಹತ್ಯೆಯನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ. ಸಾವಿರಾರು ಕುಟುಂಬಗಳು ಗಡಿ ದಾಟಿ ಆಚೆಯ ಊರುಗಳನ್ನು ಸೇರಿದವು. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿಯೂ ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದಲ್ಲಿಯೂ ನಡೆಸಿದ ಶಿಬಿರಗಳು ನಮ್ಮ ಭಾಗದ ಪ್ರತಿರೋಧದ ನೆಲೆಗಳಾದವು.

ಇಂತಹ ಕಾಲದಲ್ಲಿ ಸುದ್ದಿಯೆಂಬುದೇ ದುರ್ಲಭ ವಸ್ತು. ಸಂಸ್ಥಾನದಲ್ಲಿ ಸಭೆ ಸೇರುವುದಕ್ಕೂ ಸರ್ಕಾರದ ಅಪ್ಪಣೆ ಬೇಕೆಂಬ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ 1929ರಷ್ಟು ಹಿಂದಿನಿಂದಲೇ ಜಾರಿಯಲ್ಲಿತ್ತು. ಒಪ್ಪಿಗೆಯಿಲ್ಲದ ಮಾತು ಬರೆದ ಪತ್ರಿಕೆ ನಿಂತುಹೋಗುವುದಕ್ಕೆ ಒಂದು ಆಜ್ಞೆ ಸಾಕಾಗಿತ್ತು. ನಮ್ಮ ಜಿಲ್ಲೆಗಳಲ್ಲಿ ಕನ್ನಡದ ಮಕ್ಕಳು ಮೇಲಿನ ತರಗತಿಗಳನ್ನು ಉರ್ದುವಿನಲ್ಲಿಯೇ ಓದಬೇಕಾಗಿತ್ತು. ಕೋರ್ಟಿನ ಕಾಗದ, ಕಚೇರಿಯ ಪತ್ರವ್ಯವಹಾರ ಎಲ್ಲವೂ ಉರ್ದುವಿನಲ್ಲಿ. ಹೊರಗಿನ ಪತ್ರಿಕೆಗಳು ಹಾಕುವ ಕೂಗು ಸರ್ಕಾರಕ್ಕೆ ವೈರಿಯ ಕೂಗೆಂದು ತಳ್ಳಿಹಾಕಲು ಸುಲಭವಾಗಿತ್ತು. ರಾಜಧಾನಿಯ ನಡುಮಧ್ಯದಲ್ಲಿ, ಸರ್ಕಾರದ್ದೇ ಭಾಷೆಯಲ್ಲಿ, ಒಬ್ಬ ಮುಸಲ್ಮಾನ ಸಂಪಾದಕ ಅದೇ ಮಾತನ್ನು ಬರೆದಾಗ ಮಾತ್ರ ಅದನ್ನು ತಳ್ಳಿಹಾಕಲು ಯಾವ ನೆಪವೂ ಉಳಿಯಲಿಲ್ಲ. ಶೋಯೆಬುಲ್ಲಾ ಖಾನರ ಲೇಖನಿಗೆ ಅಷ್ಟೊಂದು ಮೊನೆ ಬಂದದ್ದು ಇದರಿಂದ.

ಅವರು ಹುಟ್ಟಿದ್ದು 1920ರ ಅಕ್ಟೋಬರ್ 17ರಂದು, ತೆಲಂಗಾಣದ ಭಾಗದಲ್ಲಿ. ತಂದೆ ಹಬೀಬುಲ್ಲಾ ಖಾನರು ನಿಜಾಮನ ಪೊಲೀಸ್ ಇಲಾಖೆಯ ನೌಕರರು. ಮಗ ಹುಟ್ಟಿದ ಹೊತ್ತಿನಲ್ಲಿ ತಂದೆಗೆ ರೈಲು ನಿಲ್ದಾಣವೊಂದರಲ್ಲಿ ಗಾಂಧೀಜಿಯವರ ದರ್ಶನವಾಯಿತೆಂದೂ, ಆ ಅಭಿಮಾನದಿಂದ ಮಗುವನ್ನು ಮುದ್ದಿನಿಂದ 'ಶೋಯೆಬುಲ್ಲಾ ಗಾಂಧಿ' ಎಂದು ಕರೆಯುತ್ತಿದ್ದರೆಂದೂ ಒಂದು ಕಥೆ ಪ್ರಚಾರದಲ್ಲಿದೆ. ತರುಣರು ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವಿ ಪಡೆದರು. ಆ ಪದವಿಯನ್ನು ಹಿಡಿದು ಸರ್ಕಾರದ ನೌಕರಿಗೆ ಸೇರಿದ್ದರೆ ಸುಖವಾಗಿ ಬಾಳಬಹುದಾಗಿತ್ತು. ಅವರು ಆರಿಸಿಕೊಂಡದ್ದು ಪತ್ರಿಕೆಯ ಮೇಜನ್ನು. ಮೊದಲು 'ತೇಜ್' ಎಂಬ ಉರ್ದು ಪತ್ರಿಕೆಯಲ್ಲಿ ದುಡಿದರು. ಅದು ಸರ್ಕಾರದ ಕೋಪಕ್ಕೆ ಗುರಿಯಾಗಿ ನಿಂತಿತು. ಅನಂತರ ಮಂದುಮುಲ ನರಸಿಂಗರಾಯರ 'ರಯ್ಯತ್' ಪತ್ರಿಕೆಯನ್ನು ಸೇರಿದರು. ಹಿಂದೂ ಸಂಪಾದಕರೊಬ್ಬರು ಉರ್ದುವಿನಲ್ಲಿ ನಡೆಸುತ್ತಿದ್ದ, ರೈತರ ಪರವಾದ ಈ ಪತ್ರಿಕೆಯೂ ಹೆಚ್ಚು ಕಾಲ ಬದುಕಲಿಲ್ಲ. ಅದರ ಬಾಗಿಲೂ ಮುಚ್ಚಲ್ಪಟ್ಟಿತು.

ಎರಡು ಪತ್ರಿಕೆಗಳು ಕಣ್ಣೆದುರಿನಲ್ಲಿ ಮುಚ್ಚಿದ್ದನ್ನು ಕಂಡವನು ಮೂರನೆಯದನ್ನು ತೆರೆಯಲು ಹಿಂಜರಿಯುವುದು ಸಹಜ. ಖಾನರು 1947ರ ನವೆಂಬರಿನಲ್ಲಿ ತಮ್ಮದೇ ಆದ 'ಇಮ್ರೋಜ್' ದಿನಪತ್ರಿಕೆಯನ್ನು ಆರಂಭಿಸಿದರು. ಇಮ್ರೋಜ್ ಎಂದರೆ ಇಂದು, ಈ ದಿನ. ಮುಂದೆ ಹೈದರಾಬಾದು ರಾಜ್ಯದ ಮುಖ್ಯಮಂತ್ರಿಗಳಾದ ಬೂರ್ಗುಲ ರಾಮಕೃಷ್ಣರಾಯರು ಈ ಸಾಹಸಕ್ಕೆ ನೆರವಾದರು. ತಾಯಿಯೂ ಹೆಂಡತಿಯೂ ತಮ್ಮ ಒಡವೆಗಳನ್ನು ಕೊಟ್ಟರೆಂದು ಅವರ ಜೀವನವನ್ನು ಹೇಳುವವರು ಹೇಳುತ್ತಾರೆ. ಪತ್ರಿಕೆಯ ನಿಲುವಿನಲ್ಲಿ ಮುಚ್ಚುಮರೆಯಿರಲಿಲ್ಲ: ಸಂಸ್ಥಾನ ಭಾರತ ಒಕ್ಕೂಟವನ್ನು ಸೇರಬೇಕು, ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ದೊರೆಯಬೇಕು, ರಜಾಕಾರರ ಅಟ್ಟಹಾಸ ಅಡಗಬೇಕು. 1948ರ ಜನವರಿಯಲ್ಲಿ ಅವರು ಬರೆದ ಒಂದು ಸಂಪಾದಕೀಯದ ಶೀರ್ಷಿಕೆ ಹಗಲಿನ ಸರ್ಕಾರ, ರಾತ್ರಿಯ ಸರ್ಕಾರ ಎಂಬರ್ಥದ್ದು. ಹಗಲಿನಲ್ಲಿ ಮಂತ್ರಿಗಳೂ ಕಚೇರಿಗಳೂ ಕಾನೂನೂ ಆಳುತ್ತಿರುವಂತೆ ತೋರುತ್ತದೆ. ಕತ್ತಲಾದೊಡನೆ ಆಳುವವರು ಬೇರೆ. ರಾಯಚೂರಿನ ಯಾವ ಹಳ್ಳಿಯ ರೈತನಿಗೂ ವಿವರಣೆಯಿಲ್ಲದೆ ಅರ್ಥವಾಗುವ ಶೀರ್ಷಿಕೆ ಅದು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಖಾನರು ತಮ್ಮ ಮತವನ್ನು ಬಿಟ್ಟು ಬರೆದವರಲ್ಲ. ಅದರೊಳಗೆ ನಿಂತೇ ಬರೆದರು. ಒಂದು ಸಮುದಾಯದ ಹೆಸರಿನಲ್ಲಿ ನಡೆಯುವ ಹಿಂಸೆಗೆ ಆ ಸಮುದಾಯದವರ ಮೌನವೇ ದೊಡ್ಡ ಆಸರೆ. ಆ ಮೌನ ಮುರಿದರೆ ಹಿಂಸೆ ಮಾಡುವವನು ಎಲ್ಲರ ಪ್ರತಿನಿಧಿಯಾಗಿ ಉಳಿಯುವುದಿಲ್ಲ, ಬರಿಯ ಕೊಲೆಗಾರನಾಗುತ್ತಾನೆ. ರಜ್ವಿಯ ಮಾತುಗಾರಿಕೆಯೆಲ್ಲ ತಾನು ಹೈದರಾಬಾದಿನ ಮುಸಲ್ಮಾನರ ಏಕೈಕ ಧ್ವನಿಯೆಂಬ ಒಂದೇ ಹೇಳಿಕೆಯ ಮೇಲೆ ನಿಂತಿತ್ತು. ಆ ಕಂಬಕ್ಕೇ 'ಇಮ್ರೋಜ್' ಕೊಡಲಿಯಿಟ್ಟಿತು.

ಖಾನರು ಈ ದಾರಿಯಲ್ಲಿ ಒಬ್ಬರೇ ಆಗಿರಲಿಲ್ಲ. 1948ರ ಆಗಸ್ಟಿನಲ್ಲಿ ಏಳು ಮಂದಿ ಮುಸಲ್ಮಾನ ಮಹನೀಯರು ಒಂದು ಹೇಳಿಕೆಗೆ ಸಹಿ ಹಾಕಿದರು. ರಜಾಕಾರ ದಳವನ್ನು ವಿಸರ್ಜಿಸಬೇಕು, ಸಂಸ್ಥಾನ ಭಾರತವನ್ನು ಸೇರಬೇಕು ಎಂಬುದು ಅದರ ಸಾರ. ಸಹಿ ಮಾಡಿದವರಲ್ಲಿ ಬಾಕರ್ ಅಲಿ ಮಿರ್ಜಾ ಒಬ್ಬರು; ಫರೀದ್ ಮಿರ್ಜಾ ಇನ್ನೊಬ್ಬರು. ನಾಂದೇಡ ಜಿಲ್ಲೆಯಲ್ಲಿ ತಹಶೀಲ್ದಾರರಾಗಿದ್ದ ಈ ಫರೀದ್ ಮಿರ್ಜಾ ರಜಾಕಾರರ ದೌರ್ಜನ್ಯವನ್ನು ಕಣ್ಣಾರೆ ಕಂಡು, ಅದಕ್ಕೆ ಸಾಕ್ಷಿಯಾಗಿ ಕುಳಿತಿರಲಾರದೆ ಸರ್ಕಾರಿ ಹುದ್ದೆಗೆ ರಾಜೀನಾಮೆ ಕೊಟ್ಟವರು. ಏಳು ಮಂದಿಯ ಹೇಳಿಕೆಯನ್ನು 'ಇಮ್ರೋಜ್' ಅಚ್ಚು ಹಾಕಿತು. ಅದೇ ದಿನಗಳಲ್ಲಿ ರಜ್ವಿ ಹೈದರಾಬಾದಿನ ಸಭೆಯೊಂದರಲ್ಲಿ ತಮ್ಮ ವಿರುದ್ಧ ಏಳುವ ಕೈಗಳನ್ನು ಕಡಿದುಹಾಕಬೇಕೆಂಬ ಅರ್ಥದ ಮಾತನ್ನಾಡಿದ. ಖಾನರಿಗೆ ಬೆದರಿಕೆಯ ಪತ್ರಗಳು ಬಂದವು. ಪತ್ರಿಕೆ ನಿಲ್ಲಲಿಲ್ಲ.

ಆಗಸ್ಟ್ 21ರ ರಾತ್ರಿ ಮರುದಿನದ ಸಂಚಿಕೆಯ ಕೆಲಸವನ್ನು ಮುಗಿಸಿ ಖಾನರು ಕಾಚಿಗುಡಾದ ಕಚೇರಿಯಿಂದ ಮನೆಗೆ ಹೊರಟರು. ಜೊತೆಯಲ್ಲಿ ಭಾವಮೈದುನ ಇಸ್ಮಾಯಿಲ್ ಖಾನ್. ದಾರಿಯಲ್ಲಿ ಕೊಲೆಗಡುಕರು ಅಡ್ಡಗಟ್ಟಿ ಗುಂಡು ಹಾರಿಸಿದರು. ಬಿದ್ದವರ ಕೈಯನ್ನು ಕತ್ತಿಯಿಂದ ಕಡಿದರು. ಇಸ್ಮಾಯಿಲ್ ಖಾನರ ಕೈಯನ್ನೂ ಕತ್ತರಿಸಿದರು. ಬೆಳಗಾಗುವುದರೊಳಗೆ, 22ರಂದು, ಶೋಯೆಬುಲ್ಲಾ ಖಾನರು ತೀರಿಕೊಂಡರು. ಇಪ್ಪತ್ತೆಂಟು ತುಂಬಲು ಇನ್ನೂ ಎರಡು ತಿಂಗಳು ಬಾಕಿಯಿತ್ತು. ಒಂಬತ್ತು ತಿಂಗಳ ಕಾಲ ನಡೆದ ಪತ್ರಿಕೆಯೊಂದು ತನ್ನ ಸಂಪಾದಕನನ್ನು ಹೀಗೆ ಕಳೆದುಕೊಂಡಿತು. ಕೊಲ್ಲುವುದಷ್ಟೇ ಉದ್ದೇಶವಾಗಿದ್ದರೆ ಗುಂಡೇ ಸಾಕಾಗಿತ್ತು. ಬರೆದ ಕೈಯನ್ನು ಕಡಿದದ್ದು ಬರೆಯಬೇಕೆಂದಿರುವ ಉಳಿದ ಕೈಗಳಿಗೆ ಹೇಳಿಕಳುಹಿಸಿದ ಮಾತು.

ಆ ಘಟನೆ ನಡೆದ ಮೂರೇ ವಾರಗಳಲ್ಲಿ, ಸೆಪ್ಟೆಂಬರ್ 13ರಂದು, ಭಾರತದ ಸೇನೆ ಸಂಸ್ಥಾನದ ಗಡಿಯನ್ನು ದಾಟಿತು. 17ರಂದು ನಿಜಾಮ ಕದನವಿರಾಮ ಸಾರಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ಶರಣಾದರು. ರಜ್ವಿಯ ಬಂಧನವಾಯಿತು, ವಿಚಾರಣೆ ನಡೆಯಿತು. ಖಾನರ ಕೊಲೆಯ ಮೊಕದ್ದಮೆಯಲ್ಲಿ ಅವನ ಮೇಲಿನ ಆರೋಪ ಕೊನೆಗೆ ಉಳಿಯಲಿಲ್ಲ. ಬೀಬಿನಗರದ ದರೋಡೆಯ ಪ್ರಕರಣದಲ್ಲಿ ಶಿಕ್ಷೆಯಾಗಿ, 1957ರವರೆಗೆ ಸೆರೆಯಲ್ಲಿದ್ದು, ಬಿಡುಗಡೆಯಾದ ಮೇಲೆ ಪಾಕಿಸ್ತಾನಕ್ಕೆ ಹೋದ. ನಮ್ಮ ಜಿಲ್ಲೆಗಳು 1956ರ ನವೆಂಬರ್ 1ರಂದು ಕನ್ನಡ ರಾಜ್ಯದಲ್ಲಿ ಒಂದಾದವು. ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿಯೂ ರಾಯಚೂರಿನಲ್ಲಿಯೂ ಧ್ವಜ ಏರುತ್ತದೆ. ವಿಮೋಚನೆಯ ಸ್ಮರಣೆ ನಡೆಯುತ್ತದೆ. ಆ ಸ್ಮರಣೆ ಯೋಗ್ಯವೇ ಸರಿ.

ಆದರೆ ಲೇಖನವನ್ನು ಇಲ್ಲಿಗೆ ನಿಲ್ಲಿಸಿದರೆ ಶೋಯೆಬುಲ್ಲಾ ಖಾನರಿಗೆ ನಾವು ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಏಕೆಂದರೆ ಸೆಪ್ಟೆಂಬರ್ 17ಕ್ಕೆ ಹಿಂಸೆ ಮುಗಿಯಲಿಲ್ಲ. ಅದು ದಿಕ್ಕು ಬದಲಿಸಿತು. ರಜಾಕಾರರ ಮೇಲಿನ ಸೇಡನ್ನು ರಜಾಕಾರರಲ್ಲದ ಮುಸಲ್ಮಾನರ ಮೇಲೆ ತೀರಿಸಿಕೊಂಡವರು ಹಲವು ಊರುಗಳಲ್ಲಿದ್ದರು. ಈ ಸುದ್ದಿ ದೆಹಲಿಯನ್ನು ಮುಟ್ಟಿದಾಗ ಪ್ರಧಾನಿ ನೆಹರೂ ಅವರ ಇಚ್ಛೆಯಂತೆ ಒಂದು ಸದ್ಭಾವನಾ ನಿಯೋಗ ಹೈದರಾಬಾದಿಗೆ ಬಂದಿತು. ಅದರ ಮುಖ್ಯಸ್ಥರು ಪಂಡಿತ ಸುಂದರಲಾಲರು. ಅಲಹಾಬಾದಿನಲ್ಲಿ 'ಕರ್ಮಯೋಗಿ' ಪತ್ರಿಕೆಯನ್ನು ನಡೆಸಿದವರು, ಭಾರತದಲ್ಲಿ ಇಂಗ್ಲಿಷರ ಆಳ್ವಿಕೆಯನ್ನು ಕುರಿತ ಇವರ ಹಿಂದೀ ಗ್ರಂಥವನ್ನು ಬ್ರಿಟಿಷ್ ಸರ್ಕಾರ 1929ರಲ್ಲಿ ಮುಟ್ಟುಗೋಲು ಹಾಕಿತ್ತು. ಜೊತೆಗಾರರಲ್ಲಿ ಕಾಜಿ ಅಬ್ದುಲ್ ಗಫಾರರು ಹೈದರಾಬಾದಿನಲ್ಲಿಯೇ 'ಪಯಾಮ್' ಎಂಬ ಉರ್ದು ಪತ್ರಿಕೆಯನ್ನು ಸ್ಥಾಪಿಸಿದ್ದ ಸಾಹಿತಿ. ಹೀಗೆ ಈ ಕೆಲಸವೂ ಪತ್ರಕರ್ತರ ಕೈಗೇ ಬಂದಿತು.

ನಿಯೋಗ 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಚರಿಸಿತು. 16 ಜಿಲ್ಲೆಗಳಲ್ಲಿ 9ನ್ನು ಸುತ್ತಿತು. 7 ಜಿಲ್ಲಾ ಕೇಂದ್ರಗಳು, 21 ಪಟ್ಟಣಗಳು, 23 ಮುಖ್ಯ ಹಳ್ಳಿಗಳನ್ನು ನೋಡಿತು. ತಾನು ಹೋಗಲಾರದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರ ಹೇಳಿಕೆಗಳನ್ನು ಕೇಳಿತು. ಅದರ ವರದಿಯಲ್ಲಿ ರಜಾಕಾರರ ಕೃತ್ಯಗಳ ವಿವರವಿದೆ: ಊರೂರಿಗೆ ತಿಂಗಳ ಕಪ್ಪ ಕಟ್ಟಿದ್ದು, ಕೊಟ್ಟ ಊರು ಬದುಕಿದ್ದು, ಎದುರು ನಿಂತ ಊರು ಸುಲಿಗೆಗೆ ಗುರಿಯಾದದ್ದು. ಅದರ ಪಕ್ಕದಲ್ಲಿಯೇ ಅನಂತರದ ಕೃತ್ಯಗಳ ವಿವರವೂ ಇದೆ. ಕಡಿಮೆ ಹಿಡಿದು ಲೆಕ್ಕ ಹಾಕಿದರೂ ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ನಂತರ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬೇಕೆಂದು ಅವರು ಅಂದಾಜು ಮಾಡಿದರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದು, ನಾಂದೇಡಗಳೊಡನೆ ನಮ್ಮ ನೆರೆಯ ಗುಲ್ಬರ್ಗಾ, ಬೀದರಗಳೂ ಇವೆ. ಸೇನೆಯ ಅಧಿಕಾರಿಗಳಲ್ಲಿ ಒಳ್ಳೆಯವರನ್ನು ಅವರು ಹೊಗಳಿದರು; ಕೆಲವೆಡೆ ಸಿಪಾಯಿಗಳು ಲೂಟಿಯಲ್ಲಿ ಪಾಲುಗೊಂಡದ್ದನ್ನೂ ಮರೆಮಾಚಲಿಲ್ಲ. ಅದೇ ವರದಿ ಇನ್ನೊಂದು ಸಂಗತಿಯನ್ನು ದಾಖಲಿಸಿದೆ: ಹಿಂದೂ ನೇಕಾರರು ತಮ್ಮ ಕಸುಬಿನ ಮುಸಲ್ಮಾನ ನೇಕಾರರನ್ನು ಕಾಪಾಡಲು ಹೋಗಿ ತಾವೇ ಪ್ರಾಣ ಕೊಟ್ಟ ಉದಾಹರಣೆಗಳುಂಟು.

ಈ ವರದಿಯನ್ನು ಸರ್ಕಾರ ಅಂದು ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಕಡತದಲ್ಲಿಯೇ ಉಳಿಯಿತು. ಕೊನೆಗೆ 2013ರಲ್ಲಿ ಎ. ಜಿ. ನೂರಾನಿಯವರು ಹೈದರಾಬಾದಿನ ಪತನವನ್ನು ಕುರಿತ ತಮ್ಮ ಗ್ರಂಥದಲ್ಲಿ ಅದನ್ನು ಅಚ್ಚು ಹಾಕಿಸಿದರು. ಅಷ್ಟು ಹೊತ್ತಿಗೆ ಸಾಕ್ಷಿ ನುಡಿದವರಲ್ಲಿ ಬಹುಪಾಲು ಜನ ಬದುಕಿರಲಿಲ್ಲ.

ಈಗ ಎರಡು ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಮುಸಲ್ಮಾನರಾದ ಶೋಯೆಬುಲ್ಲಾ ಖಾನರು ಮುಸಲ್ಮಾನರ ಹೆಸರಿನಲ್ಲಿ ನಡೆದ ಅತ್ಯಾಚಾರವನ್ನು ಬರೆದರು. ಹಿಂದುವಾದ ಸುಂದರಲಾಲರು ಹಿಂದೂಗಳ ಹೆಸರಿನಲ್ಲಿ ನಡೆದದ್ದನ್ನು, ತಮ್ಮದೇ ದೇಶದ ಸೇನೆಯ ಲೋಪವನ್ನೂ ಸೇರಿಸಿ, ಬರೆದರು. ಒಬ್ಬರ ಕೈಯನ್ನು ಕಡಿಯಲಾಯಿತು. ಇನ್ನೊಬ್ಬರ ಕಾಗದವನ್ನು ಬೀಗದೊಳಗೆ ಇಡಲಾಯಿತು. ಇವೆರಡು ಸಮಾನವೆಂದು ನಾನು ಹೇಳುತ್ತಿಲ್ಲ. ಕತ್ತಿಯ ಏಟಿಗೂ ಕಪಾಟಿನ ಬೀಗಕ್ಕೂ ಬಹಳ ವ್ಯತ್ಯಾಸವಿದೆ. ಆದರೆ ಇಬ್ಬರೂ ಮಾಡಿದ ಕೆಲಸ ಒಂದೇ. ಫರೀದ್ ಮಿರ್ಜಾ ಅವರಂತೂ ಮುಂದೆ ತಮ್ಮ ಅನುಭವವನ್ನು ಬರೆದಾಗ ಕಾರ್ಯಾಚರಣೆಯ ಮುಂಚಿನ ದಿನಗಳನ್ನೂ ನಂತರದ ದಿನಗಳನ್ನೂ ಒಂದೇ ಪುಸ್ತಕದ ಎರಡು ರಟ್ಟುಗಳ ನಡುವೆ ಇಟ್ಟರು. ಆ ಪುಸ್ತಕದ ಕಟ್ಟೋಣವೇ ನಮಗೊಂದು ಪಾಠ.

ಇದು ಹೈದರಾಬಾದಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. 1854ರಲ್ಲಿ ಕ್ರಿಮಿಯಾದ ಯುದ್ಧಭೂಮಿಯಿಂದ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆಯುತ್ತಿದ್ದ ವಿಲಿಯಂ ಹೋವರ್ಡ್ ರಸೆಲ್ ಬ್ರಿಟಿಷ್ ಸೇನೆಯ ಅವ್ಯವಸ್ಥೆಯನ್ನು ಬ್ರಿಟಿಷ್ ಓದುಗರಿಗೇ ತಿಳಿಸಿದ. 1945ರ ಸೆಪ್ಟೆಂಬರಿನಲ್ಲಿ ಹಿರೋಷಿಮಾವನ್ನು ಹೊಕ್ಕು, ಬಾಂಬಿನಿಂದ ಉಳಿದವರೂ ಕಾಣದ ಕಾಯಿಲೆಯಿಂದ ಸಾಯುತ್ತಿರುವುದನ್ನು ಲೋಕಕ್ಕೆ ಸಾರಿದ ವಿಲ್ಫ್ರೆಡ್ ಬರ್ಚೆಟ್ ಗೆದ್ದ ಪಕ್ಷದ ಪತ್ರಕರ್ತ. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸಿಪಾಯಿಗಳು ನಡೆಸಿದ ಕೊಲೆಯನ್ನು ಮರುವರ್ಷ ಬಯಲಿಗೆಳೆದ ಸೀಮೋರ್ ಹರ್ಷ್ ಅಮೆರಿಕನ್ನರೇ. ಇವರ ವರದಿಗಳನ್ನು ವೈರಿಯ ಪ್ರಚಾರವೆಂದು ತಳ್ಳಿಹಾಕಲು ಕಷ್ಟವಾದದ್ದು ಇದೇ ಕಾರಣಕ್ಕೆ.

ನಮ್ಮ ತರುಣರಿಗೆ ನಾನು ಹೇಳಬೇಕಾದ ಮಾತು ಒಂದಿದೆ. ರಜಾಕಾರರ ಕ್ರೌರ್ಯದ ಕಥೆಯನ್ನು ಅವರು ಇಂದಿಗೂ ಕೇಳುತ್ತಾರೆ, ಕೇಳಬೇಕು. ಆದರೆ ಆ ಕಥೆಯನ್ನು ಶೋಯೆಬುಲ್ಲಾ ಖಾನರ ಹೆಸರಿಲ್ಲದೆ ಹೇಳುವವನು ಅದರ ಅರ್ಧವನ್ನು ನುಂಗಿರುತ್ತಾನೆ. ಕತ್ತಿ ಹಿಡಿದವನ ಮತವನ್ನು ನೆನಪಿಡುವವರು ಆ ಕತ್ತಿಗೆ ಕೈಯೊಡ್ಡಿದವನ ಮತವನ್ನೂ ನೆನಪಿಡಬೇಡವೇ? ಸೆಪ್ಟೆಂಬರಿನ ನಂತರದ ಕಥೆಯನ್ನು ಮಾತ್ರ ಹೇಳಿ ಅದಕ್ಕೆ ಮುಂಚಿನದನ್ನು ಬಿಡುವವನೂ ಅಷ್ಟೇ ತಪ್ಪಿತಸ್ಥ. ನೆನಪೆಂಬುದು ಲೆಕ್ಕದ ಪುಸ್ತಕದಂತೆ. ಒಂದು ಪುಟ ಹರಿದರೆ ಉಳಿದ ಪುಟಗಳ ಮೊತ್ತವೂ ಸುಳ್ಳಾಗುತ್ತದೆ.

ಮಸರಕಲ್ಲಿನಂತಹ ಊರುಗಳಲ್ಲಿ ಆ ವರ್ಷವನ್ನು ಕಂಡವರು ಈಗ ಬೆರಳೆಣಿಕೆಯಷ್ಟು. ದೇವದುರ್ಗ, ಮಾನ್ವಿ, ರಾಯಚೂರುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವರ ಬಳಿ ಕುಳಿತು, ಗದ್ದಲವೆಂಬ ಒಂದು ಮಾತಿನ ಒಳಗೆ ಏನೇನು ಅಡಗಿದೆಯೆಂಬುದನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಇನ್ನು ಹೆಚ್ಚು ಕಾಲವಿಲ್ಲ. ಬರೆಯುವಾಗ ಯಾರ ಮನೆಗೆ ಬೆಂಕಿ ಬಿತ್ತೆಂಬುದನ್ನು ಬರೆಯಲಿ. ಯಾರು ಯಾರನ್ನು ತಮ್ಮ ಮನೆಯೊಳಗೆ ಅಡಗಿಸಿಟ್ಟರೆಂಬುದನ್ನೂ ಬರೆಯಲಿ. ತಮ್ಮವರು ಮಾಡಿದ್ದನ್ನು ಬರೆಯಬೇಕಾಗಿ ಬಂದ ಗಳಿಗೆಯಲ್ಲಿ ಕೈ ನಡುಗಿದರೂ ನಿಲ್ಲದಿರಲಿ. ಇಮ್ರೋಜ್ ಎಂಬ ಪದದ ಅರ್ಥ ಇಂದು. ಆ ಪತ್ರಿಕೆಯ ಸಂಪಾದಕರು ನಾಳೆಗಾಗಿ ಕಾಯಲಿಲ್ಲ.